ಟಿಬಿಗೆ ಹೊಸ ಮದ್ದು: ಎಲ್ಲಿ ಹೊಡೆದರೆ ಬ್ಯಾಕ್ಟೀರಿಯಾ ಸಾಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟಿಬಿ ಔಷಧಗಳ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವನ್ನು ರೋಗಿಗಳ ಮನೆಯವರು ಕೇಳಿದ್ದಾರೆ, ಕೆಲವನ್ನು ಕಾಲೇಜು ವಿದ್ಯಾರ್ಥಿಗಳು, ಒಂದೆರಡನ್ನು ಲ್ಯಾಬ್‌ನಲ್ಲಿ ಕೆಲಸ ಮಾಡುವವರೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲ ಮೆಟ್ಟಿಲು

"ಟಾರ್ಗೆಟ್ ಟಾರ್ಗೆಟ್ ಅಂತೀರಲ್ಲ, ಬ್ಯಾಕ್ಟೀರಿಯಾನೇ ಟಾರ್ಗೆಟ್ ಅಲ್ವಾ?"

ರೋಗಿಯ ಕಡೆಯಿಂದ ನೋಡಿದರೆ ಹೌದು. ಆದರೆ ಮದ್ದು ಅನ್ನುವುದು ಒಂದು ಪುಟ್ಟ ಅಣು. ಅದು ಇಡೀ ಬ್ಯಾಕ್ಟೀರಿಯಾದ ಮೇಲೆ ಬೀಳುವುದಿಲ್ಲ. ಒಳಗಿರುವ ಸಾವಿರಾರು ಪ್ರೋಟೀನ್‌ಗಳಲ್ಲಿ ಯಾವುದೋ ಒಂದಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಅದರ ಕೆಲಸ ನಿಲ್ಲಿಸುತ್ತದೆ. ಹಾಗೆ ಅಂಟಿಸಿಕೊಳ್ಳುವ ಪ್ರೋಟೀನೇ ಗುರಿ, ಅಂದರೆ ಟಾರ್ಗೆಟ್. ಹೆಚ್ಚಿನ ಸಲ ಅದು ಒಂದು ಕಿಣ್ವ. ಕೆಲವೊಮ್ಮೆ ಪ್ರೋಟೀನ್ ಅಲ್ಲದೆ ರೈಬೋಸೋಮ್‌ನ ಆರ್‌ಎನ್‌ಎ ಕೂಡ ಆಗಿರಬಹುದು.

ಒಳ್ಳೆಯ ಗುರಿಯಲ್ಲಿ ನಾಲ್ಕು ಗುಣ ಹುಡುಕುತ್ತಾರೆ. ಅದು ನಿಂತರೆ ಬ್ಯಾಕ್ಟೀರಿಯಾ ಬದುಕಬಾರದು. ಅಂಥದ್ದು ನಮ್ಮ ದೇಹದಲ್ಲಿ ಇರಬಾರದು, ಇದ್ದರೂ ಬೇರೆ ಥರ ಇರಬೇಕು. ಪುಟ್ಟ ಅಣುವೊಂದು ಗಟ್ಟಿಯಾಗಿ ಕೂರಲು ಅದರಲ್ಲಿ ಒಂದು ಸಂದು ಇರಬೇಕು. ಮದ್ದು ಅಲ್ಲಿಯ ತನಕ ತಲುಪುವಂತಿರಬೇಕು. ಹೇಳುವುದಕ್ಕೆ ನಾಲ್ಕೂ ಸುಲಭ. ಟಿಬಿಯಲ್ಲಿ ಒಂದೊಂದೂ ಎಷ್ಟು ಸತಾಯಿಸುತ್ತದೆ ಅನ್ನುವುದು ಮುಂದಿನ ಉತ್ತರಗಳಲ್ಲಿ ಬರುತ್ತದೆ.

"ಟಿಬಿಗೆ ಮದ್ದು ಇದೆಯಲ್ಲ, ವಾಸಿನೂ ಆಗುತ್ತೆ. ಹೊಸದು ಯಾಕೆ?"

ವಾಸಿಯಾಗುತ್ತದೆ, ನಿಜ. ಆದರೆ ಮಾಮೂಲಿ ಟಿಬಿಗೇ ಆರು ತಿಂಗಳು ಮಾತ್ರೆ ನುಂಗಬೇಕು, ಮೊದಲ ಎರಡು ತಿಂಗಳು ನಾಲ್ಕು ಮದ್ದು ಒಟ್ಟಿಗೆ. ಕೆಮ್ಮು ನಿಂತು ಮೈ ಹಗುರಾದ ಮೇಲೂ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ತೆಗೆದುಕೊಂಡವರಿಗೇ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ 1.08 ಕೋಟಿ ಜನರಿಗೆ ಟಿಬಿ ಬಂತು, 12.5 ಲಕ್ಷ ಜನ ಸತ್ತರು. ಸುಮಾರು 4 ಲಕ್ಷ ಜನರಿಗೆ ಬಂದದ್ದು ಮುಖ್ಯ ಮದ್ದಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ.

ಹೊಸ ಗುರಿಯೇ ಬೇಕು ಅನ್ನುವುದು ಈ ಕೊನೆಯ ಮಾತಿನಿಂದ. ಹಳೆಯ ಗುರಿಗೇ ಇನ್ನೊಂದು ಮದ್ದು ಮಾಡಿದರೆ, ಹಳೆಯದನ್ನು ತಪ್ಪಿಸಿಕೊಂಡ ಬ್ಯಾಕ್ಟೀರಿಯಾ ಹೊಸದನ್ನೂ ತಪ್ಪಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಇದುವರೆಗೆ ಯಾರೂ ಮುಟ್ಟದ ಜಾಗದಲ್ಲಿ ಹೊಡೆದರೆ ಅದಕ್ಕೆ ಮೊದಲೇ ಕಲಿತ ಉಪಾಯ ಇರುವುದಿಲ್ಲ.

"ಈಗ ಕೊಡೋ ಮಾತ್ರೆಗಳು ಎಲ್ಲಿ ಹೊಡೆಯುತ್ತವೆ?"

ರಿಫಾಂಪಿಸಿನ್ ಆರ್‌ಎನ್‌ಎ ಪಾಲಿಮರೇಸ್ ಅನ್ನುವ ಕಿಣ್ವವನ್ನು ಹಿಡಿಯುತ್ತದೆ. ಆಗ ಜೀನ್‌ನಲ್ಲಿ ಬರೆದದ್ದನ್ನು ಬ್ಯಾಕ್ಟೀರಿಯಾ ಓದಲಾರದು. ಐಸೋನಿಯಾಜಿಡ್ ಇನ್‌ಎಚ್‌ಎ ಎಂಬ ಕಿಣ್ವವನ್ನು ತಡೆದು, ಹೊರಗೋಡೆಯ ಮೈಕೋಲಿಕ್ ಆಮ್ಲ ತಯಾರಾಗದಂತೆ ಮಾಡುತ್ತದೆ. ಎಥಾಂಬ್ಯುಟಾಲ್ ಹೊಡೆಯುವುದೂ ಗೋಡೆಗೇ, ಆದರೆ ಬೇರೆ ಪದರಕ್ಕೆ: ಅರಾಬಿನೋಸ್ ಸಕ್ಕರೆಯ ಸರಪಳಿ ಕಟ್ಟುವ ಕಿಣ್ವಗಳಿಗೆ. ಲೆವೋಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಡಿಎನ್‌ಎ ತಿರುಚು ಸರಿಪಡಿಸುವ ಕಿಣ್ವವಾದ ಡಿಎನ್‌ಎ ಗೈರೇಸ್‌ಗೆ ಹೊಡೆಯುತ್ತವೆ. ಲಿನೆಝೋಲಿಡ್ ಮತ್ತು ಸ್ಟ್ರೆಪ್ಟೋಮೈಸಿನ್ ರೈಬೋಸೋಮ್‌ಗೆ, ಅಂದರೆ ಪ್ರೋಟೀನ್ ತಯಾರಾಗುವ ಜಾಗಕ್ಕೆ. ಬೆಡಾಕ್ವಿಲಿನ್ ಎಟಿಪಿ ಸಿಂಥೇಸ್‌ಗೆ, ಅಂದರೆ ಶಕ್ತಿ ತಯಾರಾಗುವ ಜಾಗಕ್ಕೆ.

ಪೈರಾಜಿನಮೈಡ್‌ದು ಮಾತ್ರ ಬೇರೆ ಕಥೆ. 1952ರಿಂದ ಬಳಕೆಯಲ್ಲಿದ್ದರೂ ಅದರ ಗುರಿ ಯಾವುದು ಎಂಬ ವಾದ ದಶಕಗಟ್ಟಲೆ ನಡೆದಿದೆ. ಈಗ ಪ್ಯಾನ್‌ಡಿ ಎಂಬ ಕಿಣ್ವದ ಕಡೆಗೆ ಗಟ್ಟಿ ಸಾಕ್ಷಿ ಇದೆ. ನನಗೆ ಬಹಳ ಕಾಡುವ ಸಂಗತಿ ಇನ್ನೊಂದು. ಈ ಮದ್ದನ್ನು ಮೊದಲು ಪರೀಕ್ಷಿಸಿದ್ದು ಟಿಬಿ ತಗುಲಿಸಿದ ಇಲಿಗಳಲ್ಲಿ. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಕಲ್ಚರ್ ದ್ರವದಲ್ಲಿ ಅದು ಬ್ಯಾಕ್ಟೀರಿಯಾಗೆ ಏನೂ ಮಾಡುವುದಿಲ್ಲ, ಸುತ್ತ ಹುಳಿ ವಾತಾವರಣ ಇದ್ದರಷ್ಟೇ ಕೆಲಸ ಮಾಡುತ್ತದೆ. ಟೆಸ್ಟ್‌ಟ್ಯೂಬ್‌ನಿಂದ ಶುರು ಮಾಡಿದ್ದರೆ ಮೊದಲ ದಿನವೇ ಕಸದ ಬುಟ್ಟಿ ಸೇರುತ್ತಿತ್ತು. ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿದ ಮದ್ದುಗಳಲ್ಲಿ ಅದೂ ಒಂದು!

"ಬೇರೆ ಸೋಂಕಿಗೆ ಐದು ದಿನ ಆಂಟಿಬಯಾಟಿಕ್ ಸಾಕು. ಇದಕ್ಕೆ ಏನಾಗಿದೆ?"

ಮೂರು ಕಾರಣ ಒಟ್ಟಿಗೆ ಸೇರಿಕೊಂಡಿವೆ. ಮೊದಲನೆಯದು ಗೋಡೆ. 60ರಿಂದ 90 ಇಂಗಾಲದಷ್ಟು ಉದ್ದದ ಮೈಕೋಲಿಕ್ ಆಮ್ಲಗಳು ಹೊರಗೆ ಮೇಣದಂಥ ಪದರ ಕಟ್ಟಿರುತ್ತವೆ. ಬಹಳಷ್ಟು ಮದ್ದು ಅದನ್ನು ದಾಟಲಾರವು. ಎರಡನೆಯದು ನಿಧಾನ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಅನುಕೂಲವಿದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ಟಿಬಿ ಬ್ಯಾಕ್ಟೀರಿಯಾಗೆ ಸುಮಾರು ಒಂದು ದಿನ ಬೇಕು. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದು ಸುಮ್ಮನೆ ಬಿದ್ದುಕೊಂಡಿರುವುದನ್ನು ಕೊಲ್ಲುವುದು ಕಷ್ಟ. ಮೂರನೆಯದು ಮನೆ. ಅದು ನಮ್ಮದೇ ರಕ್ಷಣಾ ಕೋಶಗಳ ಒಳಗೆ ಇರುತ್ತದೆ, ಗ್ರ್ಯಾನುಲೋಮಾ ಎಂಬ ಗಂಟಿನ ನಡುವೆ ಇರುವ ಗಿಣ್ಣಿನಂಥ ಸತ್ತ ಭಾಗದಲ್ಲೂ ಇರುತ್ತದೆ. ಅಲ್ಲಿ ರಕ್ತನಾಳಗಳೇ ಇಲ್ಲ. ರಕ್ತದಲ್ಲಿ ಬೇಕಾದಷ್ಟು ಮದ್ದು ಇದ್ದರೂ ಅಲ್ಲಿಗೆ ಎಷ್ಟು ಇಳಿಯಿತು ಅನ್ನುವುದು ಬೇರೆ ಲೆಕ್ಕ.

## ಗುರಿ ಹುಡುಕುವ ಕೆಲಸ

"1998ರಲ್ಲೇ ಜಿನೋಮ್ ಪೂರ್ತಿ ಓದಿದ್ದಾರೆ. ಎಲ್ಲಾ ಜೀನ್ ಗೊತ್ತಿದ್ದ ಮೇಲೆ ಯಾಕೆ ಇಷ್ಟು ತಡ?"

ಆಗ ಎಲ್ಲರ ಆಸೆಯೂ ಅದೇ ಆಗಿತ್ತು. 44 ಲಕ್ಷ ಅಕ್ಷರಗಳು, ಸುಮಾರು 4,000 ಜೀನ್‌ಗಳು. ಮುಖ್ಯವಾದ ಕಿಣ್ವವನ್ನು ಆರಿಸು, ಶುದ್ಧ ಮಾಡಿ ತೆಗೆ, ಲಕ್ಷಗಟ್ಟಲೆ ಅಣುಗಳನ್ನು ಅದರ ಮೇಲೆ ಹಾಕಿ ನೋಡು, ತಡೆಯುವುದನ್ನು ಎತ್ತಿಕೋ. ಇಷ್ಟು ಸರಳ ಅನ್ನಿಸಿತ್ತು.

ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ 2007ರಲ್ಲಿ ತನ್ನ ಅನುಭವವನ್ನು ಬಿಚ್ಚಿಟ್ಟಿತು. ಅದು ಟಿಬಿಗಷ್ಟೇ ಸಂಬಂಧಿಸಿದ್ದಲ್ಲ, ಬ್ಯಾಕ್ಟೀರಿಯಾ ಔಷಧಗಳೆಲ್ಲದರ ಹುಡುಕಾಟ. 1995ರಿಂದ 2001ರ ತನಕ 70 ದೊಡ್ಡ ಸ್ಕ್ರೀನಿಂಗ್ ಮಾಡಿದರು. ಅದರಲ್ಲಿ 67 ಹೀಗೆ ಒಂದೊಂದು ಗುರಿ ಹಿಡಿದು ಮಾಡಿದ್ದು. ಮುಂದೆ ಒಯ್ಯಬಹುದಾದ ಅಣುಗಳು ಸಿಕ್ಕಿದ್ದು ಐದೇ ಐದು. ಸೋಲನ್ನು ಇಷ್ಟು ಬಿಡಿಸಿ ಹೇಳಿದ್ದು ಆಮೇಲಿನವರಿಗೆ ದೊಡ್ಡ ಉಪಕಾರವಾಯಿತು.

ಎಡವಿದ್ದು ಎಲ್ಲಿ? ಶುದ್ಧ ಮಾಡಿದ ಕಿಣ್ವವನ್ನು ತಡೆಯುವ ಅಣು ಬ್ಯಾಕ್ಟೀರಿಯಾದ ಒಳಗೆ ಹೋಗುತ್ತದೆ ಅಂತ ಖಾತರಿ ಇಲ್ಲ. ಹೋದರೂ ಪಂಪ್‌ಗಳು ಹೊರಗೆ ಎಸೆಯಬಹುದು. ಅಲ್ಲೇ ಉಳಿದರೂ ಬ್ಯಾಕ್ಟೀರಿಯಾ ಅದನ್ನು ಒಡೆದು ಹಾಕಬಹುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದನ್ನು ಕಂಡ ಟಿಬಿ ಸಂಶೋಧಕರು ದಾರಿ ತಿರುಗಿಸಿದರು: ಮೊದಲು ಜೀವಂತ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಣು ಹುಡುಕೋಣ, ಅದು ಎಲ್ಲಿ ಹೊಡೆಯುತ್ತದೆ ಅಂತ ಆಮೇಲೆ ನೋಡೋಣ.

"ಯಾವ ಜೀನ್ ಇಲ್ಲದಿದ್ರೆ ಅದು ಸಾಯುತ್ತೆ ಅಂತ ಹೇಗೆ ಗೊತ್ತಾಗುತ್ತೆ?"

ಜಿಗಿಯುವ ಡಿಎನ್‌ಎ ತುಂಡುಗಳಿವೆ, ಟ್ರಾನ್ಸ್‌ಪೋಸಾನ್ ಅಂತ ಹೆಸರು. ಅವನ್ನು ಲಕ್ಷಾಂತರ ಬ್ಯಾಕ್ಟೀರಿಯಾಗಳಿಗೆ ಸೇರಿಸಿದರೆ ಒಂದೊಂದರಲ್ಲಿ ಒಂದೊಂದು ಕಡೆ ಹೋಗಿ ಕೂರುತ್ತವೆ. ಕೂತ ಜಾಗದ ಜೀನ್ ಕೆಡುತ್ತದೆ. ಎಲ್ಲವನ್ನೂ ಬೆಳೆಸಿ, ಬದುಕಿ ಉಳಿದವುಗಳಲ್ಲಿ ತುಂಡು ಎಲ್ಲೆಲ್ಲಿದೆ ಅಂತ ನೋಡುತ್ತಾರೆ. ಯಾವ ಜೀನ್‌ನಲ್ಲಿ ಒಂದೂ ಕಾಣುವುದಿಲ್ಲವೋ ಆ ಜೀನ್ ಕೆಟ್ಟವು ಬದುಕಿಲ್ಲ ಅಂತ ಅರ್ಥ. 2003ರಲ್ಲಿ ಕ್ರಿಸ್ಟೋಫರ್ ಸಸೆಟ್ಟಿ, ಎರಿಕ್ ರೂಬಿನ್ ತಂಡ ಹೀಗೆ 614 ಜೀನ್‌ಗಳನ್ನು ಗುರುತಿಸಿತು. ಇವು ಲ್ಯಾಬ್‌ನಲ್ಲಿ ಚೆನ್ನಾಗಿ ಬೆಳೆಯಲು ಬೇಕಾದವು.

ಆದರೆ 'ಬೇಕೇ ಬೇಕು' ಅನ್ನುವುದು ಅರ್ಧ ಉತ್ತರ. ಟ್ರಾನ್ಸ್‌ಪೋಸಾನ್ ಜೀನ್‌ ಅನ್ನು ಪೂರ್ತಿ ಕೆಡಿಸುತ್ತದೆ. ಮದ್ದು ಎಂದೂ ಅಷ್ಟು ಮಾಡಲಾರದು. ಒಂದಿಷ್ಟು ತಡೆಯುತ್ತದೆ, ಕೆಲವು ಗಂಟೆ ಮಾತ್ರ. ಕೆಲವು ಕಿಣ್ವಗಳನ್ನು ನೂರಕ್ಕೆ ತೊಂಬತ್ತು ಇಳಿಸಿದರೂ ಬ್ಯಾಕ್ಟೀರಿಯಾ ಕ್ಯಾರೇ ಅನ್ನುವುದಿಲ್ಲ, ಉಳಿದ ಹತ್ತರಲ್ಲೇ ಸಂಸಾರ ತೂಗಿಸುತ್ತದೆ. ಇನ್ನು ಕೆಲವನ್ನು ಸ್ವಲ್ಪ ಇಳಿಸಿದರೂ ಕುಸಿದು ಬೀಳುತ್ತದೆ. ನಮಗೆ ಬೇಕಾದದ್ದು ಈ ಎರಡನೇ ಥರದವು.

ಇದನ್ನು ಅಳೆಯಲು ಕ್ರಿಸ್ಪರ್ ಎಂಬ, ಬೇಕಾದ ಜೀನನ್ನು ಹುಡುಕಿ ಹಿಡಿಯುವ ತಂತ್ರ ಬಂತು. ಜೀನ್ ಕತ್ತರಿಸುವ ಥರದ್ದಲ್ಲ, ಅದುಮಿ ಹಿಡಿಯುವ ಥರದ್ದು. 2017ರಲ್ಲಿ ಜೆರೆಮಿ ರಾಕ್ ಮತ್ತಿತರರು ಟಿಬಿ ಬ್ಯಾಕ್ಟೀರಿಯಾದಲ್ಲಿ ಅದನ್ನು ಚೆನ್ನಾಗಿ ಕೆಲಸ ಮಾಡುವಂತೆ ಮಾಡಿದರು. 2021ರಲ್ಲಿ ಇಡೀ ಜಿನೋಮ್‌ನ ಜೀನ್‌ಗಳನ್ನು ಬೇರೆ ಬೇರೆ ಮಟ್ಟಕ್ಕೆ ಇಳಿಸಿ, ಯಾವುದು ಎಷ್ಟು ಬೇಗ ಸೋಲುತ್ತದೆ ಅನ್ನುವ ಪಟ್ಟಿಯೇ ಸಿಕ್ಕಿತು. ಇಂದು ಯಾರಾದರೂ 'ಈ ಜೀನ್ ಅಗತ್ಯ, ಆದ್ದರಿಂದ ಒಳ್ಳೆಯ ಗುರಿ' ಎಂದು ಬರೆದರೆ ನಾನು ಮೊದಲು ಕೇಳುವುದು, ಎಷ್ಟು ಅದುಮಿದರೆ ಸಾಯುತ್ತದೆ ಅಂತ.

"ಮೊದಲು ಮದ್ದು, ಆಮೇಲೆ ಗುರಿ ಅಂದ್ರಲ್ಲ. ಹಿಂದಿನಿಂದ ಮುಂದಕ್ಕೆ ಹೋಗೋದು ಹೇಗೆ?"

ಬ್ಯಾಕ್ಟೀರಿಯಾದ ಬಾಯಿಂದಲೇ ಹೇಳಿಸಬೇಕು. ಮದ್ದು ಹಾಕಿದ ತಟ್ಟೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಹರಡುತ್ತಾರೆ. ಬಹುತೇಕ ಎಲ್ಲವೂ ಸಾಯುತ್ತವೆ. ವಾರಗಳ ನಂತರ ಅಲ್ಲೊಂದು ಇಲ್ಲೊಂದು ಚುಕ್ಕೆ ಏಳುತ್ತದೆ. ಅವು ಬದುಕಿದ್ದು ಹೇಗೆ? ಅವುಗಳ ಜಿನೋಮ್ ಪೂರ್ತಿ ಓದಿ, ಮೂಲ ಬ್ಯಾಕ್ಟೀರಿಯಾದ ಜೊತೆ ಹೋಲಿಸಿದರೆ ಎಲ್ಲಿ ಅಕ್ಷರ ಬದಲಾಗಿದೆ ಅಂತ ಕಾಣುತ್ತದೆ.

ಬೆಡಾಕ್ವಿಲಿನ್ ಸಿಕ್ಕಿದ್ದು ಹೀಗೆ. ಕೂನ್ ಆಂಡ್ರೀಸ್ ತಂಡ ಟಿಬಿ ಬ್ಯಾಕ್ಟೀರಿಯಾದ ಬದಲು ಅದರ ಸಾಧು ನೆಂಟ, ಬೇಗ ಬೆಳೆಯುವ ಮೈಕೋಬ್ಯಾಕ್ಟೀರಿಯಂ ಸ್ಮೆಗ್‌ಮಾಟಿಸ್ ಮೇಲೆ ಅಣುಗಳನ್ನು ಹಾಕಿ ನೋಡಿತು. ಒಂದು ಗುಂಪು ಚೆನ್ನಾಗಿ ಕೊಂದಿತು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಜಿನೋಮ್ ಓದಿದಾಗ ಎಲ್ಲದರಲ್ಲೂ ಬದಲಾಗಿದ್ದ ಒಂದೇ ಜೀನ್ ಎಟಿಪಿಇ. ಎಟಿಪಿ ಸಿಂಥೇಸ್‌ನ ತಿರುಗುವ ಚಕ್ರದ ಒಂದು ಭಾಗ ಅದು. 2005ರಲ್ಲಿ ಪ್ರಕಟವಾಯಿತು, 2012ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬ್ಯಾಕ್ಟೀರಿಯಾದ ಶಕ್ತಿ ತಯಾರಿಸುವ ಯಂತ್ರ ಗುರಿಯಾಗಬಹುದು ಅಂತ ಅದಕ್ಕೆ ಮೊದಲು ಹೇಳಿದ್ದರೆ ಹೆಚ್ಚಿನವರು ನಂಬುತ್ತಿರಲಿಲ್ಲ, ಏಕೆಂದರೆ ನಮ್ಮಲ್ಲೂ ಅದೇ ಯಂತ್ರ ಇದೆ.

ಹಿಂದೆ ಇದಕ್ಕೆ ಎಷ್ಟು ಕಾಲ ಹಿಡಿಯುತ್ತಿತ್ತು ನೋಡಿ. ಐಸೋನಿಯಾಜಿಡ್ ಅಣುವನ್ನು ತಯಾರಿಸಿದ್ದು 1912ರಲ್ಲಿ, ಟಿಬಿಗೆ ಆಗುತ್ತದೆ ಅಂತ ಗೊತ್ತಾಗಿದ್ದು 1952ರಲ್ಲಿ, ಇನ್‌ಎಚ್‌ಎ ಅದರ ಗುರಿ ಎಂದು ತಿಳಿದದ್ದು 1994ರಲ್ಲಿ. ಅಷ್ಟರಲ್ಲಿ ಅದು ಲಕ್ಷಾಂತರ ಜೀವ ಉಳಿಸಿ ಆಗಿತ್ತು.

ಇನ್ನೊಂದು ಚೆಂದದ ಉಪಾಯವೂ ಇದೆ. ನೂರಕ್ಕೂ ಹೆಚ್ಚು ತಳಿ ಮಾಡಿಕೊಳ್ಳುತ್ತಾರೆ. ಒಂದೊಂದರಲ್ಲೂ ಒಂದೊಂದು ಅಗತ್ಯ ಪ್ರೋಟೀನ್ ಕಮ್ಮಿ ಇರುತ್ತದೆ, ಗುರುತಿಗೆ ಡಿಎನ್‌ಎ ಬಾರ್‌ಕೋಡ್ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಬೆಳೆಸಿ ಅಣು ಹಾಕಿದಾಗ, ಯಾವ ಬಾರ್‌ಕೋಡ್ ಮೊದಲು ಮಾಯವಾಗುತ್ತದೋ ಅದರ ಕಡೆ ಗುರಿ ಇದೆ ಅಂತ ಸುಳಿವು. ಮೊದಲೇ ಸೊರಗಿದವನಿಗೆ ಸಣ್ಣ ಪೆಟ್ಟೂ ಸಾಕು. ಆದ್ದರಿಂದ ಮಾಮೂಲಿ ಪರೀಕ್ಷೆಯಲ್ಲಿ ಕಾಣದ ದುರ್ಬಲ ಅಣುಗಳೂ ಇಲ್ಲಿ ಕಾಣಸಿಗುತ್ತವೆ.

"ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಲ್ಲಿ ಬದಲಾದ ಜೀನೇ ಗುರಿ ಅಂತ ಬರೆದುಬಿಡಬಹುದಾ?"

ಬೇಡ. ವಿದ್ಯಾರ್ಥಿಗಳು ಜಾಸ್ತಿ ಜಾರುವ ಜಾಗ ಇದೇ.

ಐಸೋನಿಯಾಜಿಡ್‌ಗೆ ಬಗ್ಗದ ಬ್ಯಾಕ್ಟೀರಿಯಾದಲ್ಲಿ ಹೆಚ್ಚಾಗಿ ಕೆಟ್ಟಿರುವುದು ಕ್ಯಾಟ್‌ಜಿ ಎಂಬ ಜೀನ್. ಅದು ಗುರಿ ಅಲ್ಲ. ನಾವು ನುಂಗುವ ಐಸೋನಿಯಾಜಿಡ್ ಹಾಗೆಯೇ ಕೆಲಸ ಮಾಡುವುದಿಲ್ಲ, ಬ್ಯಾಕ್ಟೀರಿಯಾದ ಕ್ಯಾಟ್‌ಜಿ ಕಿಣ್ವವೇ ಅದನ್ನು ಚುರುಕುಗೊಳಿಸಬೇಕು. ಆ ಕಿಣ್ವ ಕೆಟ್ಟರೆ ಮದ್ದು ಮದ್ದಾಗುವುದೇ ಇಲ್ಲ. ಪೈರಾಜಿನಮೈಡ್‌ಗೆ ಪಿಎನ್‌ಸಿಎ, ಎಥಿಯೋನಮೈಡ್‌ಗೆ ಎಥ್‌ಎ, ಡೆಲಮನಿಡ್ ಮತ್ತು ಪ್ರೆಟೊಮನಿಡ್‌ಗೆ ಡಿಡಿಎನ್, ಎಲ್ಲ ಇದೇ ಕಥೆ. ಟಿಬಿ ಮದ್ದುಗಳಲ್ಲಿ ಇಂಥವು ಆಶ್ಚರ್ಯವಾಗುವಷ್ಟು ಇವೆ.

ಎರಡನೆಯ ಮೋಸ ಪಂಪ್. ಬೆಡಾಕ್ವಿಲಿನ್ ಪಡೆದ ರೋಗಿಗಳಲ್ಲಿ ಮದ್ದು ಸೋತಾಗ ಎಟಿಪಿಇ ಬದಲಾಗಿರುವುದು ಅಪರೂಪ. ಹೆಚ್ಚಾಗಿ ಬದಲಾಗುವುದು ಆರ್‌ವಿ0678, ಒಂದು ಪಂಪ್‌ನ ಮೇಲಿನ ಬ್ರೇಕ್. ಬ್ರೇಕ್ ಹೋದರೆ ಪಂಪ್ ಜೋರಾಗಿ ಓಡಿ ಮದ್ದನ್ನು ಹೊರಗೆ ತಳ್ಳುತ್ತದೆ. ಜೊತೆಗೆ ಕ್ಲೋಫಜಿಮಿನ್ ಎಂಬ ಇನ್ನೊಂದು ಟಿಬಿ ಮದ್ದು ಕೂಡ ಕೈಕೊಡುತ್ತದೆ, ಅದನ್ನು ರೋಗಿ ಮುಟ್ಟಿಯೇ ಇಲ್ಲದಿದ್ದರೂ. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ.

ಆದ್ದರಿಂದ ಒಂದು ಸಾಕ್ಷಿ ಸಾಲದು. ಆ ಒಂದೇ ಬದಲಾವಣೆಯನ್ನು ಶುದ್ಧ ತಳಿಗೆ ಹಾಕಿದರೂ ಮದ್ದು ಸೋಲಬೇಕು. ಆ ಪ್ರೋಟೀನ್ ಹೆಚ್ಚಿಸಿದರೆ ಮದ್ದು ಜಾಸ್ತಿ ಬೇಕಾಗಬೇಕು, ಕಮ್ಮಿ ಮಾಡಿದರೆ ಕಮ್ಮಿ ಸಾಕಾಗಬೇಕು. ಶುದ್ಧ ಪ್ರೋಟೀನ್‌ಗೆ ಅಣು ನೇರವಾಗಿ ಅಂಟಬೇಕು, ಸಾಧ್ಯವಾದರೆ ಅಂಟಿದ ಚಿತ್ರವೇ ಸಿಗಬೇಕು. ಬೆಡಾಕ್ವಿಲಿನ್ ಎಟಿಪಿ ಸಿಂಥೇಸ್‌ಗೆ ಕೂತ ಪೂರ್ತಿ ಚಿತ್ರ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಸಿಕ್ಕಿದ್ದು 2021ರಲ್ಲಿ, ಗುರಿ ಗೊತ್ತಾಗಿ ಹದಿನಾರು ವರ್ಷದ ಮೇಲೆ.

"ಲ್ಯಾಬ್‌ನಲ್ಲಿ ಸಾಯುತ್ತೆ, ಇಲಿಯಲ್ಲಿ ಸಾಯಲ್ಲ. ಹೇಗೆ?"

ಬ್ಯಾಕ್ಟೀರಿಯಾಗೆ ನಾವು ಏನು ತಿನ್ನಿಸುತ್ತೇವೆ ಅನ್ನುವುದನ್ನು ಮರೆತಾಗ ಹೀಗಾಗುತ್ತದೆ. 2010ರಲ್ಲಿ ಕೆವಿನ್ ಪೀಥ್ ತಂಡ ಒಂದು ಅನುಭವ ಪ್ರಕಟಿಸಿತು. ಒಂದು ಗುಂಪಿನ ಅಣುಗಳು ಕಲ್ಚರ್‌ನಲ್ಲಿ ಟಿಬಿ ಬ್ಯಾಕ್ಟೀರಿಯಾವನ್ನು ಸೊಗಸಾಗಿ ಕೊಲ್ಲುತ್ತಿದ್ದವು. ಅವನ್ನು ತಿದ್ದಿ ತೀಡಿ ಇನ್ನೂ ಚುರುಕು ಮಾಡಿದರು. ಇಲಿಗೆ ಕೊಟ್ಟರೆ ಏನೂ ಆಗಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಗ್ಲಿಸರಾಲ್! ಟಿಬಿ ಕಲ್ಚರ್ ದ್ರವಕ್ಕೆ ಗ್ಲಿಸರಾಲ್ ಹಾಕುವುದು ಬಹಳ ಹಳೆಯ ರೂಢಿ. ಬ್ಯಾಕ್ಟೀರಿಯಾ ಅದನ್ನು ತಿನ್ನುವಾಗ ಈ ಅಣುಗಳು ಇದ್ದರೆ ಗ್ಲಿಸರಾಲ್ ಫಾಸ್ಫೇಟ್ ಒಳಗೆ ಗುಡ್ಡೆಯಾಗಿ ಅದಕ್ಕೇ ವಿಷವಾಗುತ್ತಿತ್ತು. ಸೋಂಕಿನಲ್ಲಿ ಅದು ಗ್ಲಿಸರಾಲ್ ನೆಚ್ಚಿಕೊಂಡು ಬದುಕುವುದಿಲ್ಲ. ಅಲ್ಲಿ ಮುಖ್ಯವಾಗಿ ನಮ್ಮ ಕೋಶಗಳ ಕೊಬ್ಬು, ಕೊಲೆಸ್ಟ್ರಾಲ್ ತಿನ್ನುತ್ತದೆ. ಅಂದರೆ ಆ ಗುರಿ ಇದ್ದದ್ದು ನಮ್ಮ ಬಾಟಲಿಯಲ್ಲಿ ಮಾತ್ರ.

ಈಗ ಎಚ್ಚರ ಹೆಚ್ಚಿದೆ. ಒಂದೇ ಅಣುವನ್ನು ಬೇರೆ ಬೇರೆ ಆಹಾರ, ಹುಳಿ, ಕಡಿಮೆ ಆಮ್ಲಜನಕ, ರಕ್ಷಣಾ ಕೋಶದ ಒಳಗೆ, ಹೀಗೆ ಹಲವು ಕಡೆ ನೋಡುತ್ತಾರೆ. ಮದ್ದು ಮಾಡುವ ಮೊದಲೇ ಗುರಿಯನ್ನು ಇಲಿಯೊಳಗೆ ಪರೀಕ್ಷಿಸುವ ದಾರಿಯೂ ಇದೆ. ಇಲಿಗೆ ಒಂದು ಆಂಟಿಬಯಾಟಿಕ್ ತಿನ್ನಿಸಿದಾಗ ಬ್ಯಾಕ್ಟೀರಿಯಾದ ಆ ಒಂದು ಜೀನ್ ಮಾತ್ರ ಆರುವಂತೆ ತಳಿ ಮಾಡಿರುತ್ತಾರೆ. ಸೋಂಕು ಬೇರೂರಿದ ಮೇಲೆ ಆರಿಸಿ, ಬ್ಯಾಕ್ಟೀರಿಯಾ ಕಮ್ಮಿಯಾಗುತ್ತದಾ ನೋಡುತ್ತಾರೆ. ಗುರಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ಗೊತ್ತಿಲ್ಲ.

## ಇನ್ನೂ ಆಳಕ್ಕೆ

"ಅದೇ ಪ್ರೋಟೀನ್ ನಮ್ಮಲ್ಲೂ ಇದ್ರೆ ನಮಗೂ ಪೆಟ್ಟು ಬೀಳಲ್ವಾ?"

ಬೀಳಬಹುದು. ಲಿನೆಝೋಲಿಡ್ ನೋಡಿ. ನಮ್ಮ ಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ರೈಬೋಸೋಮ್ ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಕೈಕಾಲು ಜೋಮು, ಉರಿ, ರಕ್ತಕಣ ಕುಸಿಯುವುದು ಬರುತ್ತದೆ. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಝೋಲಿಡ್ ಮೂರನ್ನೂ ಕೊಟ್ಟ ನಿಕ್ಸ್ ಪ್ರಯೋಗದಲ್ಲಿ 109 ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಜನರಿಗೆ ಒಳ್ಳೆಯದಾಯಿತು. ಬೇರೆ ಮದ್ದುಗಳಿಗೆ ಬಗ್ಗದ ಟಿಬಿ ಅದು, ದೊಡ್ಡ ಗೆಲುವು. ಆದರೆ ನೂರಕ್ಕೆ 81 ಜನರಿಗೆ ನರಗಳ ತೊಂದರೆ ಕಾಣಿಸಿತು. ಆಮೇಲೆ ಲಿನೆಝೋಲಿಡ್ ಪ್ರಮಾಣ ಇಳಿಸಿದರು.

ಬೆಡಾಕ್ವಿಲಿನ್ ಉಲ್ಟಾ. ಎಟಿಪಿ ಸಿಂಥೇಸ್ ನಮ್ಮಲ್ಲೂ ಇದೆ, ಆದರೆ ಮದ್ದು ಕೂರುವ ಸಂದಿನ ಆಕಾರ ಬೇರೆ. 2009ರ ಅಳತೆಯಲ್ಲಿ ಬ್ಯಾಕ್ಟೀರಿಯಾದ ಯಂತ್ರವನ್ನು ತಡೆಯಲು ಸಾಕಾಗುವುದಕ್ಕಿಂತ 20,000 ಪಟ್ಟಿಗೂ ಹೆಚ್ಚು ಮದ್ದು ನಮ್ಮದಕ್ಕೆ ಬೇಕಾಯಿತು. ಹೆಸರು ಒಂದೇ ಎಂದು ಗುರಿಯನ್ನು ಪಟ್ಟಿಯಿಂದ ತೆಗೆಯಬಾರದು. ಗ್ಯಾನ್‌ಫೆಬೊರೋಲ್ ಎಂಬ ಬೋರಾನ್ ಇರುವ ಹೊಸ ಅಣು ಹೊಡೆಯುವ ಲ್ಯೂಸಿಲ್ ಟಿಆರ್‌ಎನ್‌ಎ ಸಿಂಥೆಟೇಸ್ (ಪ್ರೋಟೀನ್ ತಯಾರಿಗೆ ಬೇಕಾದ ಒಂದು ಕಿಣ್ವ) ಕೂಡ ನಮ್ಮಲ್ಲಿ ಇದೆ. ಆ ಅಣು ಈಗ ರೋಗಿಗಳಲ್ಲಿ ಪರೀಕ್ಷೆಗೆ ಬಂದಿದೆ.

"ಮಲಗಿರೋ ಬ್ಯಾಕ್ಟೀರಿಯಾನ ಕೊಲ್ಲೋಕೆ ಎಲ್ಲಿ ಹೊಡೀಬೇಕು?"

ಆರು ತಿಂಗಳ ಚಿಕಿತ್ಸೆ ಎರಡು ತಿಂಗಳಿಗೆ ಇಳಿಯಬೇಕಾದರೆ ಈ ಪ್ರಶ್ನೆಗೇ ಉತ್ತರ ಸಿಗಬೇಕು. ಬೆಳೆಯದ ಬ್ಯಾಕ್ಟೀರಿಯಾ ಹೊಸ ಗೋಡೆ ಕಟ್ಟುವುದಿಲ್ಲ, ಆದ್ದರಿಂದ ಗೋಡೆಗೆ ಹೊಡೆದರೆ ಅದಕ್ಕೆ ನೋವಾಗುವುದಿಲ್ಲ. ಆದರೆ ಮಲಗಿದ್ದರೂ ಉಸಿರು ಬೇಕಲ್ಲ? ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಸ್ವಲ್ಪವಾದರೂ ಬೇಕೇ ಬೇಕು. ಬೆಡಾಕ್ವಿಲಿನ್‌ನ ಬಲ ಇರುವುದು ಅಲ್ಲಿ.

ಇದೇ ಹಾದಿಯಲ್ಲಿ ಬಹಳ ಆಸೆ ಹುಟ್ಟಿಸಿದ್ದು ಐಸೋಸಿಟ್ರೇಟ್ ಲಯೇಸ್, ಕೊಬ್ಬು ತಿಂದು ಬದುಕುವಾಗ ಬೇಕಾಗುವ ಕಿಣ್ವ. 2000ದಲ್ಲಿ ಜಾನ್ ಮೆಕಿನಿ ಮತ್ತಿತರರು, ಅದಿಲ್ಲದಿದ್ದರೆ ಬ್ಯಾಕ್ಟೀರಿಯಾ ಇಲಿಯಲ್ಲಿ ದೀರ್ಘಕಾಲ ಉಳಿಯಲಾರದು ಅಂತ ತೋರಿಸಿದರು. 2005ರಲ್ಲಿ ಅದರ ಎರಡೂ ರೂಪಗಳನ್ನು ತೆಗೆದಾಗ ಇಲಿಯ ಶ್ವಾಸಕೋಶದಿಂದ ಬ್ಯಾಕ್ಟೀರಿಯಾ ಸಾಫಾಯಿತು. ನಮ್ಮಲ್ಲಿ ಆ ದಾರಿಯೇ ಇಲ್ಲ. ಇದಕ್ಕಿಂತ ಒಳ್ಳೆಯ ಗುರಿ ಬೇಕಾ? ಆದರೂ ಮದ್ದು ಬಂದಿಲ್ಲ. ಕಿಣ್ವದ ಸಂದು ತೀರಾ ಸಣ್ಣದು, ತುಂಬಾ ನೀರೊಲವಿನದು. ಅಲ್ಲಿ ಕೂರುವ ಅಣು ಗೋಡೆ ದಾಟದು, ಗೋಡೆ ದಾಟುವ ಅಣು ಅಲ್ಲಿ ಕೂರದು.

"ಡಿಪಿಆರ್‌ಇ1, ಎಂಎಂಪಿಎಲ್3 ಇವೆರಡೇ ಹೆಸರು ಮತ್ತೆ ಮತ್ತೆ ಬರುತ್ತವಲ್ಲ, ಯಾಕೆ?"

ಜೀವಂತ ಬ್ಯಾಕ್ಟೀರಿಯಾದ ಮೇಲೆ ಸ್ಕ್ರೀನಿಂಗ್ ಮಾಡಿದಾಗಲೆಲ್ಲ ಬೇರೆ ಬೇರೆ ಆಕಾರದ ಅಣುಗಳು ಇವೆರಡಕ್ಕೇ ಬಂದು ಬೀಳುತ್ತವೆ. ಎರಡೂ ಒಳಪೊರೆಯ ಬಳಿ, ಹೊರಗಿನಿಂದ ಸುಲಭವಾಗಿ ಸಿಗುವ ಜಾಗದಲ್ಲಿ ಇವೆ ಅನ್ನುವುದು ಒಂದು ಕಾರಣ. ಮದ್ದು ಒಳಗಿನ ತನಕ ಹೋಗಬೇಕಿಲ್ಲ.

ಡಿಪಿಆರ್‌ಇ1 ಗೋಡೆಗೆ ಬೇಕಾದ ಅರಾಬಿನೋಸ್ ತಯಾರಿಸುವ ಕಿಣ್ವ. 2009ರಲ್ಲಿ ಬೆಂಜೊಥಯಾಜಿನೋನ್ ಎಂಬ ಅಣುಗಳ ಗುರಿಯಾಗಿ ಬೆಳಕಿಗೆ ಬಂತು. ಅವು ಕಿಣ್ವದ 387ನೇ ಜಾಗದ ಅಮೈನೋ ಆಮ್ಲವಾದ ಸಿಸ್ಟೀನ್‌ಗೆ ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಈ ಗುರಿಗೆ ಬಿಟಿಝಡ್-043, ಮ್ಯಾಕೊಝಿನೋನ್, ಕ್ವಾಬೊಡೆಪಿಸ್ಟಾಟ್, ಟಿಬಿಎ-7371 ಎಂಬ ನಾಲ್ಕು ಅಣುಗಳು ಮನುಷ್ಯರ ಮೇಲಿನ ಪ್ರಯೋಗದ ಹಂತ ಮುಟ್ಟಿವೆ. ಎಂಎಂಪಿಎಲ್3 ಮೈಕೋಲಿಕ್ ಆಮ್ಲದ ಸಾಮಾನನ್ನು ಪೊರೆಯಿಂದ ಆಚೆ ಸಾಗಿಸುವ ಪ್ರೋಟೀನ್. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅದು ಓಡುವುದು ಪೊರೆಯ ಎರಡು ಕಡೆಯ ಪ್ರೋಟಾನ್ ವ್ಯತ್ಯಾಸದ ಬಲದಿಂದ. ಆ ಬಲವನ್ನೇ ಕೆಡಿಸುವ ಅಣುಗಳೂ ಎಂಎಂಪಿಎಲ್3ಗೆ ಹೊಡೆದ ಹಾಗೆ ಕಾಣುತ್ತವೆ.

"ಗುರಿ ಅಂದ್ರೆ ಕೊಲ್ಲಲೇಬೇಕಾ?"

ಬೇಕಾಗಿಲ್ಲ. ಎಥಿಯೋನಮೈಡ್ ಅನ್ನು ಚುರುಕುಗೊಳಿಸುವ ಎಥ್‌ಎ ಕಿಣ್ವದ ಮೇಲೆ ಎಥ್‌ಆರ್ ಎಂಬ ಪ್ರೋಟೀನ್ ಬಿಗಿ ಹಿಡಿದಿರುತ್ತದೆ. ಆ ಬಿಗಿ ಸಡಿಲಿಸಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆದರೆ ಕಿಣ್ವ ಹೆಚ್ಚಾಗಿ ಕಡಿಮೆ ಮದ್ದೇ ಸಾಕಾಗುತ್ತದೆ. ಎಥಿಯೋನಮೈಡ್ ನುಂಗಿ ವಾಂತಿಯಿಂದ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. 2017ರಲ್ಲಿ ಇನ್ನೂ ಮುಂದೆ ಹೋಗಿ, ಬೇರೊಂದು ಮಲಗಿದ್ದ ಕಿಣ್ವವನ್ನು ಎಬ್ಬಿಸುವ ಸ್ಮಾರ್ಟ್-420 ಎಂಬ ಅಣು ತೋರಿಸಿದರು. ಎಥ್‌ಎ ಕೆಟ್ಟು ಮದ್ದಿಗೆ ಬಗ್ಗದಂತಾದ ಬ್ಯಾಕ್ಟೀರಿಯಾ ಕೂಡ ಮತ್ತೆ ಬಗ್ಗಿತು.

"ಕಂಪ್ಯೂಟರ್‌ನಲ್ಲಿ ಡಾಕಿಂಗ್ ಮಾಡಿ ಒಳ್ಳೆ ಸ್ಕೋರ್ ಬಂದಿದೆ. ಗುರಿ ಸಿಕ್ಕಿತು ಅನ್ನಬಹುದಾ?"

ಪ್ರೋಟೀನ್‌ನ ಆಕಾರ ಊಹಿಸುವ ಎಐ ಪ್ರೋಗ್ರಾಂ ಆಲ್ಫಾಫೋಲ್ಡ್ 2021ರಲ್ಲಿ ಮೊದಲ ಸಲ ಹೊರಬಿಟ್ಟ ಪ್ರೋಟೀನ್ ಆಕಾರಗಳಲ್ಲಿ ಟಿಬಿ ಬ್ಯಾಕ್ಟೀರಿಯಾದವೂ ಇದ್ದವು. ಹಿಂದೆ ವರ್ಷಗಟ್ಟಲೆ ಹಿಡಿಯುತ್ತಿದ್ದದ್ದು ಈಗ ಮೇಜಿನ ಮೇಲೇ ಇದೆ. ಇದು ನಿಜಕ್ಕೂ ದೊಡ್ಡ ಸಹಾಯ. ಆದರೆ ಡಾಕಿಂಗ್, ಅಂದರೆ ಅಣುವನ್ನು ಪ್ರೋಟೀನ್‌ನ ಸಂದಿಗೆ ಕಂಪ್ಯೂಟರ್‌ನಲ್ಲೇ ಕೂರಿಸಿ ನೋಡುವುದು, ಹೇಳುವುದು 'ಇಲ್ಲಿ ಕೂರಬಹುದು' ಅಂತ ಮಾತ್ರ. ಗೋಡೆ ದಾಟುತ್ತದಾ, ಎಷ್ಟು ಅದುಮಿದರೆ ಸಾಯುತ್ತದೆ, ಶ್ವಾಸಕೋಶದಲ್ಲಿ ಆ ಪ್ರೋಟೀನ್ ಕೆಲಸದಲ್ಲಿ ಇದೆಯಾ ಅಂತ ಅದು ಹೇಳಲಾರದು. ಸ್ಕೋರ್ ಬಂದ ಅಣುವನ್ನು ಕೊಂಡು ಜೀವಂತ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿ. ಸ್ಮೆಗ್‌ಮಾಟಿಸ್ ಮೇಲಾದರೂ ಸರಿ, ಅದಕ್ಕೆ ಟಿಬಿಯಷ್ಟು ಬಿಗಿ ಭದ್ರತೆಯ ಲ್ಯಾಬ್ ಬೇಕಿಲ್ಲ.

"ಒಂದು ದಾರಿ ಮುಚ್ಚಿದ್ರೆ ಅದು ಇನ್ನೊಂದು ದಾರಿ ಹಿಡಿಯಲ್ವಾ? ಆಗ ಏನು ಮಾಡ್ತಾರೆ?"

ಹಿಡಿಯುತ್ತದೆ. ಟೆಲಾಸೆಬೆಕ್ ಎಂಬ ಅಣುವಿನ ಕಥೆ ಇದೇ. 2013ರಲ್ಲಿ ಪ್ರಕಟವಾದ ಇದು ಬ್ಯಾಕ್ಟೀರಿಯಾದ ಉಸಿರಾಟದ ಸರಪಳಿಯ ಕ್ಯೂಸಿಆರ್‌ಬಿ ಎಂಬ ಭಾಗಕ್ಕೆ ಹೊಡೆಯುತ್ತದೆ. ಅತಿ ಕಡಿಮೆ ಪ್ರಮಾಣದಲ್ಲೇ ಬೆಳವಣಿಗೆ ನಿಲ್ಲುತ್ತದೆ. ಆದರೆ ಅದೊಂದರಿಂದಲೇ ಟಿಬಿ ಬ್ಯಾಕ್ಟೀರಿಯಾ ಬೇಗ ಸಾಯುವುದಿಲ್ಲ. ಸೈಟೋಕ್ರೋಮ್ ಬಿಡಿ ಎಂಬ ಇನ್ನೊಂದು ಕಿಣ್ವದ ಮೂಲಕ ಹೇಗೋ ಉಸಿರಾಡಿಕೊಂಡಿರುತ್ತದೆ. 2017ರಲ್ಲಿ ಆ ಎರಡನೇ ಕಿಣ್ವದ ಜೀನ್ ತೆಗೆದ ತಳಿಯ ಮೇಲೆ ಇದೇ ಅಣು ಹಾಕಿದಾಗ ಬ್ಯಾಕ್ಟೀರಿಯಾ ಸತ್ತಿತು, ಇಲಿಯ ಸೋಂಕೂ ಇಳಿಯಿತು. ಒಂಟಿಯಾಗಿ ನೋಡಿದರೆ ಸೈಟೋಕ್ರೋಮ್ ಬಿಡಿ 'ಅಗತ್ಯ ಜೀನ್' ಪಟ್ಟಿಯಲ್ಲೇ ಬರುವುದಿಲ್ಲ. ಇನ್ನೊಂದನ್ನು ಮುಚ್ಚಿದಾಗ ಮಾತ್ರ ಅದು ಗುರಿಯಾಗುತ್ತದೆ. ಹಾಗಾಗಿ ಈಗ ಅದನ್ನು ತಡೆಯುವ ಅಣುಗಳನ್ನೂ ಹುಡುಕುತ್ತಿದ್ದಾರೆ.

ಈ ಕಥೆಗೆ ಇನ್ನೊಂದು ತಿರುವು ಇದೆ. ಟಿಬಿ ಬ್ಯಾಕ್ಟೀರಿಯಾದ ನೆಂಟ ಮೈಕೋಬ್ಯಾಕ್ಟೀರಿಯಂ ಅಲ್ಸರನ್ಸ್ ಬುರುಲಿ ಅಲ್ಸರ್ ಎಂಬ ಚರ್ಮದ ಹುಣ್ಣು ತರುತ್ತದೆ. ಅದರ ಹೆಚ್ಚಿನ ತಳಿಗಳಲ್ಲಿ ಸೈಟೋಕ್ರೋಮ್ ಬಿಡಿ ಬಹಳ ಹಿಂದೆಯೇ ಕೆಟ್ಟುಹೋಗಿದೆ, ಪಕ್ಕದ ದಾರಿಯೇ ಇಲ್ಲ. ಇಲಿಗಳಲ್ಲಿ ಕೆಲವೇ ದಿನದ ಟೆಲಾಸೆಬೆಕ್ ಅದನ್ನು ಅಳಿಸಿಹಾಕಿತು. ಆ ಮೇಲೆ ಈ ಅಣುವನ್ನು ಬುರುಲಿ ಅಲ್ಸರ್ ಇರುವ ರೋಗಿಗಳಲ್ಲೂ ಪರೀಕ್ಷೆಗೆ ತೆಗೆದುಕೊಂಡರು.